ಚಿಲ್ಲರೆಯಲ್ಲಿ ಸಿಕ್ಕ ತಪ್ಪು ಅಚ್ಚು

ರಾಯಚೂರಿನ ತೀನ್ ಕಂದೀಲ್ ಹತ್ತಿರ ಮಿರ್ಚಿ ತಿಂದು, ವಾಪಸ್ ಬಂದ ಚಿಲ್ಲರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬಂಡಿ ಅಣ್ಣ ಗಾಬರಿಯಾಗಿ ಕೇಳಿದರು: "ಯಾಕವ್ವಾ, ರೊಕ್ಕ ಖೊಟ್ಟಿ ಐತೇನು?" ಇಲ್ಲ ಅಣ್ಣಾ, ರೊಕ್ಕ ಅಸಲಿನೇ. ಅಚ್ಚು ಹಾಕುವಾಗ ಎಡವಟ್ಟಾಗಿದೆ, ಅಷ್ಟೇ.

ಈ ಒಂದು ರೂಪಾಯಿ ನೋಡಿ. ಇಸವಿಯ ಕೆಳಗೆ ಪುಟ್ಟ ನಕ್ಷತ್ರ ಇದೆ, ಅಂದರೆ ಹೈದರಾಬಾದ್ ಟಂಕಸಾಲೆ. ವಜ್ರದ ಆಕಾರ ಮುಂಬೈದು, ಚುಕ್ಕೆ ನೋಯ್ಡಾದ್ದು. ಕೋಲ್ಕತ್ತಾ ನಾಣ್ಯಕ್ಕೆ ಗುರುತೇ ಇರುವುದಿಲ್ಲ, ಅದನ್ನು ತಪ್ಪು ಅಂದುಕೊಳ್ಳಬೇಡಿ. ಅಂದಹಾಗೆ ನಮ್ಮ ಭಾಗಕ್ಕೆ ಹೈದರಾಬಾದಿನ ನಂಟು ಹಳೆಯದು. ಒಂದು ಕಾಲಕ್ಕೆ ಇಲ್ಲಿ ಓಡುತ್ತಿದ್ದದ್ದು ಹಾಲಿ ಸಿಕ್ಕಾ ಅನ್ನುವ ನಿಜಾಮರ ನಾಣ್ಯ.

ಕ್ಯಾಮೆರಾ ಇನ್ನೂ ಹತ್ತಿರ ತರುತ್ತೇನೆ. ಅಂಚಿನಿಂದ ಒಂದರ ಅಂಕಿಯವರೆಗೆ ಸಣ್ಣ ಗೆರೆ ಕಾಣುತ್ತಿದೆ, ಅಲ್ವಾ? ಗೀರು ಅನಿಸುತ್ತದೆ. ಆದರೆ ಉಗುರು ಆಡಿಸಿದರೆ ತಡೆಯುತ್ತದೆ, ಗೆರೆ ಉಬ್ಬಿದೆ. ಗೀರಾಗಿದ್ದರೆ ತಗ್ಗಿರಬೇಕಿತ್ತು. ಅಚ್ಚೇ ಬಿರುಕು ಬಿಟ್ಟಿತ್ತು. ಒತ್ತಿದಾಗ ಲೋಹ ಆ ಬಿರುಕಿಗೆ ನುಗ್ಗಿ ಹೀಗೆ ಗೆರೆಯಾಗಿ ನಿಂತಿದೆ. ಯಾರು ಕೇಳಿದರೂ ನಾನು ಮೊದಲು ಹೇಳುವುದು ಈ ಉಗುರಿನ ಪರೀಕ್ಷೆಯನ್ನೇ. ಬರೀ ಕಣ್ಣನ್ನು ನಂಬಬೇಡಿ.

ಇನ್ನೊಂದು ಸುಲಭ. ಸಿಂಹವನ್ನು ನೆಟ್ಟಗೆ ಹಿಡಿದು, ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುವಿ. ನಮ್ಮ ನಾಣ್ಯಗಳಲ್ಲಿ ಹಿಂದಿನ ಅಂಕಿಯೂ ನೆಟ್ಟಗೇ ಬರಬೇಕು. ಅಡ್ಡ ಬಂದರೆ, ತಲೆಕೆಳಗಾದರೆ, ಅಚ್ಚು ತಿರುಗಿದೆ. ತುಸು ವಾಲಿದ್ದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನನಗೆ ಜಾಸ್ತಿ ಇಷ್ಟ, ಅಂಚಿನಲ್ಲಿ ಕಮಾನಿನಂತೆ ತುಂಡು ಹೋದ ನಾಣ್ಯ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಹಿಂದಿನ ತೂತಿನ ಮೇಲೇ ಏಟು ಬೀಳುತ್ತದೆ. ಬಿಲ್ಲೆ ಕುಂದಾಗಿಯೇ ಅಚ್ಚಿಗೆ ಹೋಗುತ್ತದೆ. ಇದನ್ನು ಮನೆಯಲ್ಲಿ ಉಜ್ಜಿ ಮಾಡಿ ಮಾರುವವರೂ ಇದ್ದಾರೆ. ಹಾಗಾಗಿ ತುಂಡು ಹೋದ ಜಾಗದ ಎದುರು ಅಂಚನ್ನು ನೋಡಿ. ಅಸಲಿಯಲ್ಲಿ ಅಲ್ಲೂ ಏಣು, ಅಂದರೆ ಅಂಚಿನ ಉಬ್ಬು, ಸಾಮಾನ್ಯವಾಗಿ ಮಸುಕಾಗಿರುತ್ತದೆ, ಹತ್ತಿರದ ಅಕ್ಷರಗಳು ಎಳೆದಂತಿರುತ್ತವೆ. ಉಜ್ಜಿದ್ದರಲ್ಲಿ ಅಕ್ಷರ ಚಕ್ಕನೆ ಕತ್ತರಿಸಿಹೋಗಿರುತ್ತದೆ, ಎದುರಿನ ಏಣು ಗಟ್ಟಿಯಾಗಿಯೇ ಇರುತ್ತದೆ.

ಹತ್ತರ ನಾಣ್ಯದಲ್ಲಿ ಹೊರಗಿನ ಉಂಗುರ, ಒಳಗಿನ ಬಿಲ್ಲೆ ಎರಡೂ ಅಚ್ಚು ಬೀಳುವಾಗಲೇ ಕೂಡಿಕೊಳ್ಳುತ್ತವೆ. ಬಿಲ್ಲೆ ಪಕ್ಕಕ್ಕೆ ಸರಿದು ಕೂತಿದ್ದರೂ ಚಿತ್ರ ಎರಡು ಲೋಹಗಳ ಮೇಲೂ ಕಡಿಯದೆ ಹರಿದಿದ್ದರೆ, ಅದು ಟಂಕಸಾಲೆಯ ತಪ್ಪು. ಹಾಗಂತ ಬೇರೆ ಚಿತ್ರ ಇದೆ ಅಂತ ಹತ್ತರ ನಾಣ್ಯ ಬೇಡ ಅನ್ನಬೇಡಿ. ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ.

ಬೆಲೆ ಎಷ್ಟು ಅಂತ ಕೇಳ್ತೀರಿ, ಗೊತ್ತು. ಸಣ್ಣ ಬಿರುಕಿಗೆ ಲಕ್ಷ ಕೊಡುತ್ತೇವೆ ಅನ್ನುವ ಜಾಹೀರಾತು ನಂಬಬೇಡಿ. ಹಳೆ ನಾಣ್ಯ ಕೊಳ್ಳುತ್ತೇವೆ ಅಂತ ತನ್ನ ಹೆಸರಿನಲ್ಲಿ ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಮೊದಲೇ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮೇಲ್ಮೈ ಹಾಳಾಗುತ್ತದೆ. ಒಣ ಕಾಗದದ ಕವರಿನಲ್ಲಿಟ್ಟು, ಎಲ್ಲಿ, ಯಾವತ್ತು ಸಿಕ್ಕಿತು ಅಂತ ಮೇಲೆ ಬರೆದಿಡಿ.