ನೆತ್ತಿಯ ಮೇಲಿನ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಯಾಕೆ? ಕೇಳಿದರೆ ಬಹಳ ಮಂದಿ, ಮೇಲಿನ ಗಾಳಿಯೇ ಬೇರೆ ಅನ್ನುತ್ತಾರೆ. ಬೇರೆ ಅಲ್ಲ. ಕೊಡಚಾದ್ರಿಯ ಗಾಳಿಯಲ್ಲೂ ನೂರಕ್ಕೆ 21 ಪಾಲು ಆಮ್ಲಜನಕ, ಉಡುಪಿಯ ಗಾಳಿಯಲ್ಲೂ 21 ಪಾಲೇ. ವ್ಯತ್ಯಾಸ ಒಂದೇ: ಮೇಲೆ ಹೋದಷ್ಟೂ ನೆತ್ತಿಯ ಮೇಲಿನ ಗಾಳಿ ಕಡಿಮೆ.

ಗಾಳಿಗೂ ತೂಕ ಇದೆ. ಮಲ್ಪೆಯ ಕಡಲ ದಂಡೆಯಲ್ಲಿ ಅಂಗೈ ಚಾಚಿ ನಿಂತರೆ, ಬೆರಳಿನ ಉಗುರಿನಷ್ಟು ಜಾಗ, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ, ಆಕಾಶದ ಕೊನೆಯವರೆಗೆ ನಿಂತ ಗಾಳಿಯ ಕಂಬ ಸುಮಾರು 1,033 ಗ್ರಾಂ ತೂಗುತ್ತದೆ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ಅದೇ ಕಂಬ 965 ಗ್ರಾಂ. 1,343 ಮೀಟರಿನ ಕೊಡಚಾದ್ರಿಯಲ್ಲಿ 880. ಮುಳ್ಳಯ್ಯನಗಿರಿಯಲ್ಲಿ 820ರ ಆಸುಪಾಸು. ನಮ್ಮ ಬೆಟ್ಟಗಳ ಲೆಕ್ಕಕ್ಕೆ 100 ಮೀಟರ್ ಹತ್ತಿದರೆ 11-12 ಗ್ರಾಂ ಇಳಿಯಿತು ಅಂದುಕೊಳ್ಳಿ. ಹತ್ತಿದ್ದು ನೀವು, ಆ ಗಾಳಿ ನಿಮ್ಮ ಕಾಲ ಕೆಳಗೆ ಉಳಿಯಿತು. ಅಷ್ಟೇ ವಿಷಯ.

ಇದನ್ನು ಮೊದಲು ಅಳೆದು ತೋರಿಸಿದ ದಿನ 1648ರ ಸೆಪ್ಟೆಂಬರ್ 19. ಜಾಗ ಫ್ರಾನ್ಸಿನ ಪ್ವಿ ದ ದೋಮ್ ಎಂಬ ಬೆಟ್ಟ. ನಮ್ಮ ಕೊಡಚಾದ್ರಿಗಿಂತ ನೂರಿಪ್ಪತ್ತು ಮೀಟರ್ ಎತ್ತರ ಇರಬಹುದು, ಹೆಚ್ಚಿಲ್ಲ. ಯೋಚನೆ ಫ್ರಾನ್ಸಿನ ವಿಜ್ಞಾನಿ ಪ್ಯಾಸ್ಕಲನದು. ಅವನಿದ್ದದ್ದು ದೂರದ ಪ್ಯಾರಿಸ್‌ನಲ್ಲಿ, ಹಾಗಾಗಿ ಅಕ್ಕನ ಗಂಡ ಪೆರಿಯೇಗೆ ಕಾಗದ ಬರೆದು ಕೆಲಸ ಒಪ್ಪಿಸಿದ. ಭಾವ ಎಂಥ ಅಚ್ಚುಕಟ್ಟಿನ ಮನುಷ್ಯ ನೋಡಿ! ಮೂರು ದಿನ ಕೂತು ಪಾದರಸ ಶುದ್ಧ ಮಾಡಿದ. ಒಂದೇ ಅಳತೆಯ ನಾಲ್ಕಡಿ ಗಾಜಿನ ಕೊಳವೆ ಎರಡು. ಒಂದು ತುದಿ ಮುಚ್ಚಿದ ಆ ಕೊಳವೆಗಳಿಗೆ ಪಾದರಸ ತುಂಬಿ, ಬಾಯಿಗೆ ಬೆರಳು ಹಿಡಿದು, ಪಾದರಸದ ಬಟ್ಟಲಿನೊಳಗೆ ಬೋರಲು ನಿಲ್ಲಿಸಿ ಬೆರಳು ತೆಗೆದ. ಬಟ್ಟಲಿನ ಪಾದರಸವನ್ನು ಒತ್ತುವ ಗಾಳಿಯ ಭಾರವೇ ಕೊಳವೆಯ ಪಾದರಸವನ್ನು ಎತ್ತಿ ಹಿಡಿಯುತ್ತದೆ; ಭಾರ ಕಡಿಮೆಯಾದರೆ ಪಾದರಸ ಇಳಿಯುತ್ತದೆ. ಬುಡದ ಊರಿನ ಮಠದ ತೋಟದಲ್ಲಿ ಎರಡರಲ್ಲೂ ಪಾದರಸ ಸುಮಾರು 71 ಸೆಂಟಿಮೀಟರಿಗೆ ನಿಂತಿತು. ಕೂದಲೆಳೆಯ ವ್ಯತ್ಯಾಸ ಇಲ್ಲ.

ಈಗ ಗಮನಿಸಿ, ನನಗೆ ಬಹಳ ಇಷ್ಟವಾದದ್ದು ಇಲ್ಲಿದೆ. ಅವನು ಎರಡನ್ನೂ ಹೊತ್ತುಕೊಂಡು ಹೋಗಲಿಲ್ಲ. ಒಂದನ್ನು ತೋಟದಲ್ಲೇ ಬಿಟ್ಟು, ಸಂಜೆಯವರೆಗೆ ನೋಡುತ್ತಿರಿ ಎಂದು ಮಠದ ಪಾದ್ರಿಯೊಬ್ಬರನ್ನು ಕೂರಿಸಿದ. ಇನ್ನೊಂದು ಕೊಳವೆ ಬೆಟ್ಟ ಹತ್ತಿತು. ಶಿಖರದಲ್ಲಿ ಪಾದರಸ ಸುಮಾರು 63 ಸೆಂಟಿಮೀಟರಿಗೆ ಇಳಿದಿತ್ತು! ಜೊತೆಗಿದ್ದವರು ಬೆರಗಾದರು. ಪೆರಿಯೇಗೆ ಅಷ್ಟು ಸಾಲದು. ಗುಡಿಯ ಒಳಗೆ, ಬಯಲಲ್ಲಿ, ಮರೆಯಲ್ಲಿ, ಬೀಸುಗಾಳಿಯಲ್ಲಿ, ಮಂಜಿನಲ್ಲಿ, ಹೀಗೆ ಐದು ಸಲ ಮಾಡಿದ. ಐದು ಸಲವೂ ಅದೇ ಅಳತೆ. ಇಳಿಯುತ್ತ ನಡುದಾರಿಯಲ್ಲಿ ನೋಡಿದ, ಪಾದರಸವೂ ನಡುವೆ. ಕೆಳಗೆ ಬಂದು ಪಾದ್ರಿಯನ್ನು ಕೇಳಿದರೆ, ತೋಟದ ಕೊಳವೆ ಇಡೀ ದಿನ ಅಲುಗಾಡಿಲ್ಲ. ಹಾಗಾದರೆ ಬದಲಾದದ್ದು ದಿನದ ಹವೆಯಲ್ಲ, ಶಿಖರದ ಚಳಿಯಲ್ಲ; ನೆತ್ತಿಯ ಮೇಲಿನ ಗಾಳಿ.

ಸಮಯ ಓಡುತ್ತಿದೆ, ಅಡುಗೆಮನೆಯದು ಬೇಗ ಹೇಳಿಬಿಡುತ್ತೇನೆ. ಮೇಲಿನ ಭಾರ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ, ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ. ಶಿವಮೊಗ್ಗದಲ್ಲಿ 98, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 93-94. ಬೇಗ ಕುದಿಯಿತು ಅಂದರೆ ಬೇಗ ಬೆಂದಿತು ಅಂತಲ್ಲ, ದಯವಿಟ್ಟು! ಕುದಿಯುವ ನೀರೇ ಅಲ್ಲಿ ಅಷ್ಟು ಬಿಸಿಯಿಲ್ಲ. ಉರಿ ಜೋರು ಮಾಡಿದರೆ ನೀರು ಬತ್ತುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ತೊಗರಿಬೇಳೆಗೆ ಕುಕ್ಕರ್ ಇಡಿ, ಒಂದು ಕೂಗು ಹೆಚ್ಚು ಕೂಗಿಸಿ.

ಇನ್ನು ಕಿವಿ. ಆಗುಂಬೆಯ 14 ತಿರುವು ಇಳಿದು ಹೆಬ್ರಿ ಕಡೆ ಹೊರಟರೆ ಸುಮಾರು 500 ಮೀಟರ್ ಇಳಿದಿರುತ್ತೀರಿ. ಅರ್ಧ ಮೀಟರಿಗಿಂತ ತುಸು ಹೆಚ್ಚು ಆಳದ ನೀರಲ್ಲಿ ಮುಳುಗಿದಷ್ಟು ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ. ಹತ್ತುವಾಗ ಒಳಗಿನ ಗಾಳಿ ತಾನಾಗಿ ಅದರಿಂದ ಹೊರಬೀಳುತ್ತದೆ. ಇಳಿಯುವಾಗ ಆ ನಾಳ ಅಂಟಿಕೊಂಡಿರುತ್ತದೆ, ನುಂಗಿದಾಗಲೋ ಆಕಳಿಸಿದಾಗಲೋ ತೆರೆಯುತ್ತದೆ. ಅದಕ್ಕೇ ಇಳಿಯುವಾಗಲೇ ನೋವು. ನೋವು ಬರುವವರೆಗೆ ಕಾಯಬೇಡಿ. ಮೊದಲ ತಿರುವಿನಿಂದಲೇ ಉಗುಳು ನುಂಗಿ, ಆಕಳಿಸಿ. ಮೂಗು ಹಿಡಿದು ಊದುವುದಾದರೆ ಮೆಲ್ಲಗೆ. ಜೋರಾಗಿ ಊದಿದರೆ ತಮಟೆಗೆ ಪೆಟ್ಟು. ನೆಗಡಿ ಇದ್ದರೆ ನಾಳ ಊದಿರುತ್ತದೆ, ಡ್ರೈವರಿಗೆ ನಿಧಾನ ಇಳಿಸಲು ಹೇಳಿ. ಹಸುಗೂಸನ್ನು ಘಾಟಿಯಲ್ಲಿ ಮಲಗಲು ಬಿಡದೆ ಹಾಲು ಕುಡಿಸಿ.

ಮಕ್ಕಳಿಗೆ ಒಂದು ಕೆಲಸ. ಕೊಡಚಾದ್ರಿಯ ಸರ್ವಜ್ಞಪೀಠದ ಹತ್ತಿರ, ನೀರು ಕುಡಿದು ಖಾಲಿಯಾದ ತೆಳು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಚೀಲದೊಳಗೆ ಹಾಕಿ. ಬಿಸಿಲಿಗೆ ಹಿಡಿಯಬೇಡಿ, ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಕೊಲ್ಲೂರಿಗೆ ಬಂದು ತೆಗೆದು ನೋಡಿ, ಪಕ್ಕೆ ಒಳಗೆ ಹೋಗಿರುತ್ತದೆ. ಮುಚ್ಚಳ ಕಿವಿಯ ಹತ್ತಿರ ಹಿಡಿದು ನಿಧಾನ ಬಿಚ್ಚಿ. ಸುಯ್ ಎಂದು ಒಳಗೆ ನುಗ್ಗುವುದು ಕೊಲ್ಲೂರಿನ ಗಾಳಿ.

ನಮಸ್ಕಾರ.