ಮೇಷ್ಟ್ರ ಮಗನಿಗೆ ಅರ್ಧ ಅಂಕ ಕಮ್ಮಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 5ಕ್ಕೆ ಮೇಷ್ಟ್ರುಗಳನ್ನು ಹೊಗಳುವುದು ವಾಡಿಕೆ. ಆ ಕೆಲಸ ಹಾರ, ಶಾಲಿನ ಜೊತೆಗೇ ಮುಗಿದಿದೆ. ನಾನು ದೂರು ತಂದಿದ್ದೇನೆ. ಸ್ವಂತ ಮಕ್ಕಳಿಗೆ ಕ್ಲಾಸಿನಲ್ಲಿ ಪಾಠ ಮಾಡಿದವರು ಸ್ವಲ್ಪ ಕೈ ಎತ್ತಿ. ಅಬ್ಬಾ, ಇಷ್ಟು ಜನಾನಾ! ಹಾಗಾದ್ರೆ ದೂರು ನಿಮ್ಮ ಮೇಲೇ.

ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಅಮ್ಮ, ಏಳಕ್ಕೆ ಅಪ್ಪ. ಬಿ ಸೆಕ್ಷನ್ ಅಂತ ಒಂದಿದ್ದರೆ ಅಲ್ಲಿಗೆ ಓಡುತ್ತಿದ್ದೆ. ಕ್ಲಾಸಿಗೆ ಇದ್ದದ್ದೇ ಒಂದು ಕೋಣೆ. ಮೊದಲ ದಿನ ಅಮ್ಮ ಹೇಳಿದ್ದರು, "ಗೇಟು ದಾಟಿದ ಮೇಲೆ ನಾನು ಮಿಸ್ಸು." ತಲೆ ಆಡಿಸಿದೆ. ಮಧ್ಯಾಹ್ನ ಕಿರುಬೆರಳು ಎತ್ತಿ ಗಟ್ಟಿಯಾಗಿ ಕೂಗಿದೆ, "ಅಮ್ಮಾ ಮಿಸ್, ಒಂದಕ್ಕೆ!" ಮಾರನೇ ದಿನದಿಂದ ಇಡೀ ಕ್ಲಾಸಿಗೆ ಅವರು ಅಮ್ಮಾ ಮಿಸ್. ನಿವೃತ್ತಿಯ ದಿನ ಕಟ್ಟಿದ ಬ್ಯಾನರಿನಲ್ಲೂ ಅದೇ ಹೆಸರು. ಎಲ್ಲರೂ ನಕ್ಕರು, ನನಗೆ ಹೊಟ್ಟೆಕಿಚ್ಚು. ಅಮ್ಮನನ್ನು ಊರಿಗೆಲ್ಲ ಹಂಚಿದವನು ನಾನೇ ಅಲ್ವಾ.

ಅಪ್ಪನ ಕಥೆ ಬೇರೆ. ಗಣಿತದ ಟೆಸ್ಟು, 25 ಅಂಕ. ಲೆಕ್ಕ ಎಲ್ಲ ಸರಿ. ಕೆಂಪು ಶಾಯಿಯಲ್ಲಿ ಬಿದ್ದದ್ದು 24½. ಕಾರಣ? ಉತ್ತರದ ಕೆಳಗೆ ಗೆರೆ ಎಳೆದಿಲ್ಲ. ಪಕ್ಕದಲ್ಲಿ ಕೂತವನೂ ಎಳೆದಿರಲಿಲ್ಲ. ಅವನಿಗೆ 25! ರಾತ್ರಿ ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ. ಅಪ್ಪ ಮುದ್ದೆ ಮುರಿಯುತ್ತಾ ಅಂದರು, "ನಿನಗೆ ಪೂರ್ತಿ ಕೊಟ್ಟರೆ ಊರು ಏನನ್ನುತ್ತೆ?"

ಇದೇ ನನ್ನ ದೂರು. ಊರಿನ ಬಾಯಿ ಮುಚ್ಚಿಸಲು ನನ್ನ ಅರ್ಧ ಅಂಕ ಯಾಕೆ? ಅಪ್ಪ ಪ್ರಾಮಾಣಿಕರು ಅನ್ನುವುದಕ್ಕೆ ಸಾಕ್ಷಿ ಕೊಟ್ಟಿದ್ದು ನನ್ನ ಬೆನ್ನು. ಬೇರೆಯವರಿಗೆ ಒಂದು ಏಟಾದರೆ ನನಗೆ ಎರಡು. ಎಸ್ಸೆಸ್ಸೆಲ್ಸಿಯಲ್ಲಿ ಹತ್ತಿರದವರು ಪರೀಕ್ಷೆಗೆ ಕೂತಿದ್ದರೆ ಮೇಷ್ಟ್ರನ್ನು ಪೇಪರು ತಿದ್ದುವುದರಿಂದ ದೂರ ಇಡುತ್ತಾರೆ. ಜಾಸ್ತಿ ಅಂಕ ಕೊಟ್ಟಾರು ಅನ್ನೋ ಭಯ. ಕಮ್ಮಿ ಕೊಟ್ಟಾರು ಅಂತ ಯಾರಿಗಾದರೂ ಹೊಳೆದಿದೆಯಾ?

ಊರಿನ ಬಾಯಿಗೂ ಅದರದೇ ಕಾರಣ ಇತ್ತು ಬಿಡಿ. ಪ್ರಶ್ನೆಪತ್ರಿಕೆ ನಮ್ಮ ಮನೆಯ ಬೀರುವಿನಲ್ಲೇ ಇರುತ್ತಿತ್ತು. ಬೀಗದ ಕೈ ಅಪ್ಪನ ಉಡಿದಾರದಲ್ಲಿ. ನಾನು ಕದಿಯಲಿಲ್ಲ ಅಂದರೆ ಯಾರು ನಂಬುತ್ತಾರೆ? ಪ್ರಯತ್ನವನ್ನಂತೂ ಮಾಡಿದ್ದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಬಗ್ಗೆ ಹೇಳಬೇಕಿತ್ತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು, ನಿಮಗೆ ಗೊತ್ತೇ ಇದೆ. ಒಂದರಿಂದ ಮೂರನೇ ಕ್ಲಾಸಿನವರೆಗೂ ಒಂದೇ ಕೋಣೆ ಅಂದರೆ, ಟೀಚರ್ ಮಗಳಿಗೆ ಮೂರು ವರ್ಷವೂ ಅಮ್ಮನೇ ಗತಿ. ಪುಣ್ಯಕ್ಕೆ ಅಲ್ಲಿ ಪಾಠದ ಕಾರ್ಡು ಮುಗಿಸಿದವರು ಕಲಿಕೆಯ ಏಣಿಯಲ್ಲಿ ಮುಂದಿನ ಮೆಟ್ಟಿಲಿಗೆ ಹೋಗುತ್ತಾರೆ. ಯಾರ ಮಗಳು ಅಂತ ಏಣಿ ಕೇಳುವುದಿಲ್ಲ. ಗಂಡ-ಹೆಂಡತಿ ಒಂದೇ ಕಡೆ ಕೆಲಸಕ್ಕಿರಲಿ ಅಂತ ಕೇಳುವ ದಂಪತಿ ಪ್ರಕರಣದ ವರ್ಗಾವಣೆ ಮಾತು ಬೇಡ, ಅದನ್ನೆತ್ತಿದರೆ ಊಟ ತಣ್ಣಗಾಗುತ್ತೆ.

ಒಂದೇ ಮಾತು. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು. ನಮ್ಮ ಪೇಪರು ತಿದ್ದಿದವರು ಯಾರೋ ಹೊರಗಿನವರು. ಗಣಿತದಲ್ಲಿ ನನಗೆ ಪೂರ್ತಿ ಅಂಕ ಬಂತು. ಅಪ್ಪ ಪಟ್ಟಿಯನ್ನು ಎರಡು ಸಲ ನೋಡಿದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಇನ್ನೊಂದು ಸಲ ನೋಡಿದರು.

"ಗೆರೆ ಎಳೆದಿದ್ದೆಯೇನೋ?"

"ಇಲ್ಲ, ಸಾರ್."