ಆರಿಸಿದ ಎರಡು ಟ್ರಾನ್ಸಿಸ್ಟರುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಗಿಟಾರ್ ನುಡಿಸುವ ಮಕ್ಕಳಿರುವ ಮನೆಯ ಹಿರಿಯರು ನನ್ನ ಬಳಿ ಬಂದಾಗ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಅಂಗೈ ಅಗಲದ ಒಂದು ಲೋಹದ ಡಬ್ಬಿ, ಅದರ ಮೇಲೆ ತಿರುಗಿಸುವ ಎರಡು ಗುಂಡಿಗಳು, ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಇಷ್ಟಕ್ಕೆ ಮಗ ಇಪ್ಪತ್ತು ಸಾವಿರ ರೂಪಾಯಿ ಕೊಡಲು ಹೊರಟಿದ್ದಾನೆ, ಅದೂ ಇಂಗ್ಲೆಂಡಿನಲ್ಲಿಯೋ ಅಮೆರಿಕದಲ್ಲಿಯೋ ಒಬ್ಬರೇ ಕುಳಿತು ಕೈಯಿಂದ ಮಾಡುವ ಡಬ್ಬಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದಾನೆ, ಇದರಲ್ಲಿ ಅಂಥದ್ದೇನಿದೆ ಎಂಬುದು ಅವರ ಪ್ರಶ್ನೆ. ಆ ಡಬ್ಬಿಯ ಹೆಸರು ಫಜ್ ಪೆಡಲ್. ಆಂಪ್ಲಿಫೈಯರುಗಳನ್ನೂ ಪೆಡಲುಗಳನ್ನೂ ಬಹುಕಾಲದಿಂದ ರಿಪೇರಿ ಮಾಡುತ್ತ ಬಂದಿರುವವನಾದ್ದರಿಂದ ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ, ಮತ್ತು ಆ ಉತ್ತರ ಚಿಕ್ಕದು. ಡಬ್ಬಿಯೊಳಗೆ ವಿದ್ಯುತ್ ಅಲೆಯನ್ನು ದೊಡ್ಡದು ಮಾಡುವ ಎರಡು ಟ್ರಾನ್ಸಿಸ್ಟರುಗಳಿವೆ. ಅವನ್ನು ಬಲ್ಲವರೊಬ್ಬರು ಕಿವಿಗೊಟ್ಟು ಆರಿಸಿದ್ದಾರೆ. ನಿಮ್ಮ ಮಗ ಹಣ ಕೊಡುತ್ತಿರುವುದು ಆ ಆಯ್ಕೆಗೆ.

ಮೊದಲು ಫಜ್ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ಎಳೆ ನೂಲನ್ನು ಸರಿಸುತ್ತ ಜೀವಾಳ ಕೂಡಿಸುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ನೂಲು ಸರಿಯಾದ ಜಾಗಕ್ಕೆ ಬಂದ ಕ್ಷಣದಲ್ಲಿ ಅಲ್ಲಿಯವರೆಗೆ ಬೋಳಾಗಿ ಕೇಳುತ್ತಿದ್ದ ತಂತಿ ಝೇಂಕರಿಸತೊಡಗುತ್ತದೆ. ತಂತಿಯ ಅಲೆ ಕುದುರೆಯ ಅಂಚಿಗೆ ಸವರಿಕೊಂಡು ಹೋಗುವುದರಿಂದ ಅದರ ಆಕಾರ ಬದಲಾಗಿ, ಮೂಲ ಸ್ವರದ ಜೊತೆಗೆ ಮೇಲಿನ ಸ್ವರಗಳೂ ಎದ್ದು ಕೇಳುತ್ತವೆ. ಫಜ್ ಪೆಡಲ್ ಈ ಕೆಲಸವನ್ನು ವಿದ್ಯುತ್ತಿನಲ್ಲಿ ಮಾಡುತ್ತದೆ. ಗಿಟಾರಿನ ತಂತಿಯಿಂದ ಬಂದ ಪುಟ್ಟ ವಿದ್ಯುತ್ ಅಲೆಯನ್ನು ಟ್ರಾನ್ಸಿಸ್ಟರ್ ನೂರಾರು ಪಟ್ಟು ದೊಡ್ಡದು ಮಾಡಲು ಹೋಗುತ್ತದೆ, ಆದರೆ ಒಳಗಿರುವುದು ಒಂಬತ್ತು ವೋಲ್ಟಿನ ಬ್ಯಾಟರಿ. ಅಲೆಯ ತಲೆಯೂ ತಳವೂ ಆ ಒಂಬತ್ತು ವೋಲ್ಟಿನ ಗೋಡೆಗೆ ತಾಗಿ ಕತ್ತರಿಸಿ ಹೋಗುತ್ತವೆ, ಗುಡ್ಡದಂತಿದ್ದ ಅಲೆ ಪೆಟ್ಟಿಗೆಯ ಆಕಾರಕ್ಕೆ ಬರುತ್ತದೆ. ಹೀಗೆ ಕತ್ತರಿಸಿದ ಅಲೆಯಲ್ಲಿ ಮೂಲ ಷಡ್ಜದ ಮೂರು ಪಟ್ಟು ಕಂಪನದ ಪಂಚಮವೂ ಐದು ಪಟ್ಟು ಕಂಪನದ ಗಾಂಧಾರವೂ ತಾವಾಗಿಯೇ ಹುಟ್ಟುತ್ತವೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಕೇಳುವ ಸ್ವಯಂಭೂ ಗಾಂಧಾರವನ್ನು ನೆನಪಿಸಿಕೊಳ್ಳಿ. ಗಿಟಾರಿನ ಒಂದೇ ತಂತಿಯ ಒಂದು ಮೀಟು ನಾಗಸ್ವರದಷ್ಟು ತುಂಬಿಕೊಂಡು, ಉಸಿರು ಹಿಡಿದಂತೆ ನಿಲ್ಲುವುದು ಇದರಿಂದಲೇ. ಫಜ್ ಹಾಕಿಕೊಂಡವರು ಹೆಚ್ಚಾಗಿ ಒಂಟಿ ಸ್ವರವನ್ನೋ, ಷಡ್ಜ ಪಂಚಮದ ಜೋಡಿಯನ್ನೋ ನುಡಿಸುವುದಕ್ಕೂ ಇದೇ ಕಾರಣ, ಏಕೆಂದರೆ ಆರು ತಂತಿಗಳನ್ನು ಒಟ್ಟಿಗೆ ಎಳೆದರೆ ಅಲೆಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಈ ನಾದ ಹುಟ್ಟಿದ್ದು ಒಂದು ಕೆಟ್ಟ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಎಂಬ ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ, ಗ್ರೇಡಿ ಮಾರ್ಟಿನ್ ಅವರು ನುಡಿಸುತ್ತಿದ್ದ ಆರು ತಂತಿಯ ಬಾಸ್ ಗಿಟಾರಿನ ಧ್ವನಿ ಮಿಕ್ಸಿಂಗ್ ಮೇಜಿನ ಕೆಟ್ಟುಹೋದ ಟ್ರಾನ್ಸ್‌ಫಾರ್ಮರ್ ಒಂದರ ಮೂಲಕ ಹಾದು, ಹರಿದ ಡೋಲಿನ ಹಾಗೆ ಗರಗರ ಎಂದಿತು. ಅದನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಹೊರಬಂದು ಜನಪ್ರಿಯವಾಯಿತು. ಧ್ವನಿಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ ಅವರು ಆ ಗರಗರವನ್ನು ಬೇಕೆಂದಾಗ ಬರಿಸಲು ಟ್ರಾನ್ಸಿಸ್ಟರುಗಳ ಒಂದು ವಿದ್ಯುತ್ ಮಂಡಲವನ್ನು ರೂಪಿಸಿದರು, ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೂರು ವರ್ಷ ಅದನ್ನು ಕೊಳ್ಳುವವರು ಕಡಿಮೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರು, ಮುಂದೆ ಹಿತ್ತಾಳೆ ವಾದ್ಯಗಳಿಗೆ ಕೊಡಬೇಕೆಂದುಕೊಂಡಿದ್ದ ಒಂದು ಸ್ವರಗುಚ್ಛವನ್ನು ಗುರುತಿಗಾಗಿ ಈ ಪೆಡಲಿನಲ್ಲಿ ನುಡಿಸಿಟ್ಟರು. 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಇಂದಿಗೂ ನಾವು ಕೇಳುವುದು ಆ ಗುರುತಿನ ನುಡಿಸಾಣಿಕೆಯನ್ನೇ. ಅಂದಿನಿಂದ ಪೆಡಲ್ ಅಂಗಡಿಗಳಲ್ಲಿ ನಿಲ್ಲಲಿಲ್ಲ.

ಮರುವರ್ಷ, 1966ರಲ್ಲಿ, ಲಂಡನ್ನಿನ ಆರ್ಬಿಟರ್ ಕಂಪನಿ ಫಜ್ ಫೇಸ್ ಎಂಬ ದುಂಡನೆಯ ಪೆಡಲನ್ನು ತಂದಿತು. ಮೈಕ್ ನಿಲ್ಲಿಸುವ ಕಂಬದ ಎರಕದ ತಳವೇ ಅದರ ಆಕಾರಕ್ಕೆ ಮಾದರಿ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1969ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆಯಲ್ಲಿ ಕಾಲಿಟ್ಟು ಒತ್ತಿದ್ದು ಇದನ್ನೇ. ಫಜ್ ಫೇಸಿನ ಒಳಗೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸುವ ಎರಡು ಗುಂಡಿಗಳು: ಒಟ್ಟು 11 ಭಾಗಗಳು. ಇಂದು ಕೈಯಿಂದ ಮಾಡಿ ಮಾರುವ ಫಜ್ ಪೆಡಲುಗಳಲ್ಲಿ ದೊಡ್ಡ ಪಾಲು ಈ 11 ಭಾಗಗಳ ಮಕ್ಕಳು, ಮೊಮ್ಮಕ್ಕಳು. ನಕ್ಷೆ ಗುಟ್ಟಾಗಿಲ್ಲ, ಯಾರು ಬೇಕಾದರೂ ನೋಡಿ ಬೆಸುಗೆ ಹಾಕಬಹುದು. ಹಾಗಿದ್ದ ಮೇಲೆ ಮುನ್ನೂರು ರೂಪಾಯಿಯ ಸಾಮಾನಿಗೆ ಇಪ್ಪತ್ತು ಸಾವಿರವೇ ಎಂದು ಕೇಳುವವರಿಗೆ ನಾನು ಕೇಳುವುದಿಷ್ಟೆ: ಮಿರಜಿನಲ್ಲಿ ತಂಬೂರಿ ಮಾಡಿಸಿಕೊಂಡು ಬರುವಾಗ ನೀವು ಸೋರೆಬುರುಡೆಯ ಬೆಲೆಯನ್ನು ಲೆಕ್ಕ ಹಾಕುತ್ತೀರಾ?

ಮೊದಲ ಫಜ್ ಫೇಸಿನ ಈ ಎರಡು ಟ್ರಾನ್ಸಿಸ್ಟರುಗಳು ಜರ್ಮೇನಿಯಮ್ ಎಂಬ ವಸ್ತುವಿನವು. ಈಗ ನಮ್ಮ ಫೋನುಗಳಲ್ಲಿ ಇರುವುದು ಸಿಲಿಕಾನ್. ಒಂದೇ ಅಚ್ಚಿನಲ್ಲಿ ಕೋಟಿಗಟ್ಟಲೆ ಮಾಡಿದರೂ ಅವು ಬಹುಮಟ್ಟಿಗೆ ಒಂದರಂತೆ ಒಂದು ಇರುತ್ತವೆ. ಜರ್ಮೇನಿಯಮ್ ಹಾಗಲ್ಲ. ಎಸಿ 128 ಎಂಬ ಒಂದೇ ಸಂಖ್ಯೆಯನ್ನು ಮೈಮೇಲೆ ಹೊತ್ತ ಎರಡು ಟ್ರಾನ್ಸಿಸ್ಟರುಗಳಲ್ಲಿ ಒಂದು ಅಲೆಯನ್ನು 60 ಪಟ್ಟು ದೊಡ್ಡದು ಮಾಡಿದರೆ ಇನ್ನೊಂದು 170 ಪಟ್ಟು ಮಾಡುತ್ತದೆ. ಇದರ ಜೊತೆಗೆ ಸೋರಿಕೆ ಎಂಬುದೊಂದಿದೆ: ಮುಚ್ಚಿದ ನಲ್ಲಿಯಿಂದ ನೀರು ತೊಟ್ಟಿಕ್ಕುವ ಹಾಗೆ, ಸುಮ್ಮನಿರಬೇಕಾದ ಟ್ರಾನ್ಸಿಸ್ಟರಿನಲ್ಲಿಯೂ ವಿದ್ಯುತ್ತು ಹರಿಯುತ್ತಿರುತ್ತದೆ, ಮತ್ತು ಶಾಖ ಹತ್ತು ಡಿಗ್ರಿ ಏರಿದರೆ ಆ ಹರಿವು ಸುಮಾರು ಎರಡರಷ್ಟಾಗುತ್ತದೆ. ಆದ್ದರಿಂದ ಆರಿಸಬೇಕು. ಮೊದಲನೆಯ ಜಾಗಕ್ಕೆ 70ರಿಂದ 80 ಪಟ್ಟಿನದು, ಎರಡನೆಯ ಜಾಗಕ್ಕೆ 110ರಿಂದ 130 ಪಟ್ಟಿನದು, ಎರಡರಲ್ಲಿಯೂ ಸೋರಿಕೆ ಕಡಿಮೆ; ಅಷ್ಟಾದ ಮೇಲೆ ಗಿಟಾರ್ ಜೋಡಿಸಿ, ನುಡಿಸಿ, ಕೇಳಿ, ಮತ್ತೆ ಆರಿಸಬೇಕು.

ಈ ಮಾತು ನನಗೆ ಪೂರ್ತಿಯಾಗಿ ಮನವರಿಕೆಯಾದದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಕಲಬುರಗಿಯ ಒಬ್ಬ ಹುಡುಗ ರಾತ್ರಿ ರೈಲು ಹತ್ತಿ ಬೆಳಗಿನ ಹೊತ್ತಿಗೆ ನನ್ನ ಬಾಗಿಲಲ್ಲಿ ನಿಂತಿದ್ದ. ಚೀಲದಲ್ಲಿ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಫಜ್ ಪೆಡಲ್ ಇತ್ತು. ಹೊರದೇಶದಿಂದ ತರಿಸಿದ್ದು, ಅದಕ್ಕಾಗಿ ಎಂಟು ತಿಂಗಳು ಕಾದಿದ್ದ. ಜನವರಿಯಲ್ಲಿ ಮನೆಗೆ ಬಂದಾಗ ಅದು ಅಮೃತದ ಹಾಗೆ ನುಡಿಯುತ್ತಿತ್ತಂತೆ. ಹಿಂದಿನ ದಿನ ಕಾಲೇಜಿನ ಬಯಲು ವೇದಿಕೆಯಲ್ಲಿ ಸಂಜೆ ನಾಲ್ಕು ಗಂಟೆಗೆ ಅವನ ಸರದಿ ಬರುವಷ್ಟರಲ್ಲಿ ಕಪ್ಪು ಬಣ್ಣದ ಆ ಡಬ್ಬಿ ಎರಡು ತಾಸು ಬಿಸಿಲಿನಲ್ಲಿ ಕುಳಿತಿತ್ತು. ಮೊದಲ ಸ್ವರ ಒಡೆದು ಬಂತು, ಎರಡನೆಯದು ಕೆಮ್ಮಿತು, ಆಮೇಲೆ ಏನೂ ಬರಲಿಲ್ಲ. "ಸುಟ್ಟು ಹೋಗ್ಯದ ಸರ್, ಒಳಗ ಏನರ ಉಳದದೇನು ನೋಡ್ರಿ" ಎಂದು ಹೇಳುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ನಾನು ಡಬ್ಬಿಯನ್ನು ತೆಗೆದುಕೊಂಡು ಮೇಜಿನ ಮೇಲೆ ಇಟ್ಟು, ಗಿಟಾರ್ ಸಿಕ್ಕಿಸಿ ಒಂದು ತಂತಿ ಮೀಟಿದೆ. ಪೆಡಲ್ ಹಾಡಿತು! ಬೆಂಗಳೂರಿನ ಬೆಳಗಿನ ತಂಪಿನಲ್ಲಿ ಅದಕ್ಕೆ ಯಾವ ದೋಷವೂ ಇರಲಿಲ್ಲ. ಹುಡುಗ ತನ್ನ ಕಿವಿಯನ್ನೇ ನಂಬದೆ ನನ್ನನ್ನೂ ಡಬ್ಬಿಯನ್ನೂ ನೋಡುತ್ತಿದ್ದ.

ಹಿಂಬದಿಯ ನಾಲ್ಕು ತಿರುಪುಗಳನ್ನು ಬಿಚ್ಚಿದೆ. ಬೆಸುಗೆ ಬಹಳ ಅಚ್ಚುಕಟ್ಟಾಗಿತ್ತು, ತಂತಿಗಳನ್ನು ಮೂಲೆಮೂಲೆಗೆ ಮಡಚಿ ಕೂರಿಸಿದ್ದರು. ಎರಡನೆಯ ಟ್ರಾನ್ಸಿಸ್ಟರಿನಲ್ಲಿ ಅಲೆ ದೊಡ್ಡದಾಗಿ ಹೊರಬರುವ ಕಲೆಕ್ಟರ್ ಎಂಬ ಕಾಲಿಗೆ ಮೀಟರ್ ಹಿಡಿದಾಗ ನಾಲ್ಕೂವರೆ ವೋಲ್ಟು ತೋರಿಸಿತು, ಒಂಬತ್ತರಲ್ಲಿ ನಡುಮಧ್ಯ. ಅಲೆಯ ತಲೆಯೂ ತಳವೂ ಸಮವಾಗಿ ಕತ್ತರಿಸಬೇಕಾದರೆ ಅದು ಅಲ್ಲಿಯೇ ಇರಬೇಕು. ಆಮೇಲೆ ಮೇಜಿನ ದೀಪವನ್ನು ಬಗ್ಗಿಸಿ ಅರವತ್ತು ವ್ಯಾಟಿನ ಬಲ್ಬು ಡಬ್ಬಿಯ ಮೇಲೆ ಗೇಣುದ್ದ ದೂರದಲ್ಲಿ ಬರುವಂತೆ ಇಟ್ಟೆ. ಹುಡುಗನಿಗೆ ನುಡಿಸುತ್ತಲೇ ಇರಲು ಹೇಳಿದೆ. ಐದು ನಿಮಿಷದಲ್ಲಿ ಮೀಟರಿನ ಅಂಕಿ ತನ್ನ ಜಾಗ ಬಿಟ್ಟು ಸರಿಯತೊಡಗಿತು, ಹತ್ತು ನಿಮಿಷದಲ್ಲಿ ಸ್ವರ ಒಡೆಯಿತು, ಕೆಮ್ಮಿತು, ನಿಂತಿತು. ಕಲಬುರಗಿಯ ವೇದಿಕೆಯಲ್ಲಿ ಆದದ್ದೇ ನಮ್ಮ ಕಣ್ಣೆದುರಿಗೆ ಆಯಿತು. ಪೆಡಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆದಾಗ ಅದು ಮತ್ತೆ ಹಾಡಿತು. ಚಳಿ ನಾಡಿನಲ್ಲಿ ಕುಳಿತು ಆರಿಸಿದ ಜೋಡಿ ಅದು. ಅಲ್ಲಿಯ ಹವೆಗೆ ಅದು ಸರಿಯಾದ ಆಯ್ಕೆ, ನಲವತ್ತೆರಡು ಡಿಗ್ರಿಯ ಬಿಸಿಲಿಗೆ ಅಲ್ಲ.

ನನ್ನ ಬಳಿ ಒಂದು ಹಳೆಯ ಬಿಸ್ಕತ್ತಿನ ಡಬ್ಬವಿದೆ. ಅದರಲ್ಲಿ ಬೆಂಗಳೂರಿನ ಎಸ್‌ಪಿ ರಸ್ತೆಯ ಗುಜರಿಯಿಂದಲೂ ಕೆಟ್ಟ ರೇಡಿಯೋಗಳಿಂದಲೂ ಕೂಡಿಸಿದ ಎಸಿ 128 ಟ್ರಾನ್ಸಿಸ್ಟರುಗಳಿದ್ದವು, ಮೈಮೇಲೆ ಬಿಇಎಲ್ ಎಂದು ಅಚ್ಚಾದವು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಅಳೆದೆ. ಒಂದನ್ನು ಎರಡು ಬೆರಳುಗಳ ನಡುವೆ ಹಿಡಿಯಲು ಹೇಳಿದೆ. ಬರೀ ಮೈಶಾಖಕ್ಕೆ ಮೀಟರಿನಲ್ಲಿ ಸೋರಿಕೆಯ ಅಂಕಿ ಏರುತ್ತ ಹೋಗುವುದನ್ನು ನೋಡಿ ಅವನು ಬಿಸಿ ಮುಟ್ಟಿದವನಂತೆ ಬೆರಳು ಬಿಟ್ಟ. ಮೂವತ್ತಾರರಲ್ಲಿ ಸೋರಿಕೆ ಕಡಿಮೆ ಇದ್ದವು ಏಳು. ಆ ಏಳರಲ್ಲಿ ಮೊದಲನೆಯ ಜಾಗಕ್ಕೆ ಹೊಂದುವಂಥವು ಮೂರು. ಮೂರನ್ನೂ ಒಂದಾದ ಮೇಲೊಂದು ಸಾಕೆಟ್ಟಿನಲ್ಲಿ ಕೂರಿಸಿ, ದೀಪ ಹಚ್ಚಿಟ್ಟು, ಅವನಿಂದಲೇ ನುಡಿಸಿದೆ. ಒಂದು ಮಂಕಾಗಿತ್ತು, ಒಂದು ಚುಚ್ಚುತ್ತಿತ್ತು. ಮೂರನೆಯದು ಬಂದಾಗ ಅವನು ನನ್ನನ್ನು ಕೇಳದೆಯೇ ಕಣ್ಣು ಮುಚ್ಚಿ ಅದೇ ಸ್ವರವನ್ನು ಮತ್ತೆ ಮತ್ತೆ ಎಳೆಯುತ್ತ ಕುಳಿತ. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಮೀಟರ್ ನಮ್ಮನ್ನು ಏಳರವರೆಗೆ, ಮೂರರವರೆಗೆ ತಂದು ಬಿಟ್ಟಿತು. ಒಂದನ್ನು ಆರಿಸಿದ್ದು ಅವನ ಕಿವಿ. ಆ ಪೆಡಲ್ ಮುಂದಿನ ಬೇಸಿಗೆಯನ್ನು ಕಲಬುರಗಿಯಲ್ಲಿಯೇ ಕಳೆದಿದೆ.

ಆ ಬಿಇಎಲ್ ಅಚ್ಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1962ರಲ್ಲಿಯೇ ಜರ್ಮೇನಿಯಮ್ ಸಾಧನಗಳನ್ನು ತಯಾರಿಸಲು ಆರಂಭಿಸಿತು. ನಿಮ್ಮ ಮನೆಯ ಅಟ್ಟದಲ್ಲಿ ಅರವತ್ತು ಎಪ್ಪತ್ತರ ದಶಕದ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಅದರ ಸ್ಪೀಕರನ್ನು ನಡೆಸುವ ಜಾಗದಲ್ಲಿ ಎಸಿ 128 ಜೋಡಿ ಇರುವ ಸಂಭವ ಉಂಟು. ಇಂಗ್ಲೆಂಡ್, ಅಮೆರಿಕಗಳಲ್ಲಿ ಪೆಡಲ್ ಮಾಡುವವರು ಹುಡುಕುವ ಸಂಖ್ಯೆಗಳಲ್ಲಿ ಅದೂ ಒಂದು. ಹಳೆಯ ಫಜ್ ಫೇಸಿನಲ್ಲಿದ್ದ ಎನ್‌ಕೆಟಿ 275 ಎಂಬ ಹೆಸರಿಗೇ ಮರುಳಾಗಿ ದುಡ್ಡು ಸುರಿಯುವ ಗೆಳೆಯರಿಗೆ ನಾನು ಸ್ವಲ್ಪ ಬೇಸರದಿಂದಲೇ ಹೇಳುತ್ತೇನೆ: ಆ ಸಂಖ್ಯೆಯನ್ನು ಅಚ್ಚು ಹಾಕಿ ಮಾರುವ ನಕಲಿಗಳು ಬೇಕಾದಷ್ಟಿವೆ, ಮತ್ತು ಅಸಲಿಯೇ ಆದರೂ ಆರಿಸದೆ ಹಾಕಿದರೆ ಅದು ಹಾಡುವುದಿಲ್ಲ. ಅಚ್ಚನ್ನು ಕೊಳ್ಳಬೇಡಿ, ಆರಿಸಿದವರನ್ನು ನೋಡಿ ಕೊಳ್ಳಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಅನಲಾಗ್ ಮ್ಯಾನ್ ತಯಾರಕರು ತಮ್ಮ ಸನ್ ಫೇಸ್ ಪೆಡಲಿಗೆ ಸನ್‌ಡಯಲ್ ಎಂಬ ಪುಟ್ಟ ಗುಂಡಿಯನ್ನು ಇಡುತ್ತಾರೆ. ಸೆಕೆಗೂ ಚಳಿಗೂ ತಕ್ಕಂತೆ ಅದನ್ನು ತಿರುಗಿಸಿ ಆ ನಡುಮಧ್ಯದ ವೋಲ್ಟನ್ನು ಮತ್ತೆ ಹೊಂದಿಸಿಕೊಳ್ಳಬಹುದು. ತಾವು ಆರಿಸಿದ ಜೋಡಿ ಬೇರೆ ಊರಿನ ಹವೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಯೋಚಿಸಿದವರ ಕೆಲಸ ಅದು.

ಸಮಯ ಮುಗಿಯುತ್ತ ಬಂದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಸಿಲಿಕಾನ್ ಫಜ್ ಪೆಡಲುಗಳೂ ಇವೆ, ನ್ಯೂಯಾರ್ಕಿನ ಬಿಗ್ ಮಫ್ ಅವುಗಳಲ್ಲಿ ಹೆಸರಾದದ್ದು. ಅವು ಬಿಸಿಲಿಗೆ ಹೆದರುವುದಿಲ್ಲ, ಅವುಗಳ ನಾದ ಹೆಚ್ಚು ಹರಿತ. ಜರ್ಮೇನಿಯಮ್ ಫಜ್ಜನ್ನು ಗಿಟಾರಿನ ಪಕ್ಕದಲ್ಲಿಯೇ, ಬೇರೆಲ್ಲ ಪೆಡಲುಗಳಿಗಿಂತ ಮೊದಲು ಜೋಡಿಸಿ. ಹಳೆಯ ಮಾದರಿಯಲ್ಲಿ ಬ್ಯಾಟರಿಯ ಪ್ಲಸ್ ತುದಿ ಗ್ರೌಂಡಿಗೆ, ಎಂದರೆ ಲೋಹದ ಡಬ್ಬಿಯ ಮೈಗೆ, ಸೇರಿರುವುದರಿಂದ ಇತರ ಪೆಡಲುಗಳ ಅಡಾಪ್ಟರನ್ನು ಅದಕ್ಕೆ ಹಂಚಬೇಡಿ, ಸಾಧಾರಣ ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿ. ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ: ಪೆಡಲಿನ ಗುಂಡಿಗಳನ್ನು ಪೂರ್ತಿ ತೆರೆದಿಟ್ಟು, ಗಿಟಾರಿನ ಮೇಲಿನ ವಾಲ್ಯೂಮನ್ನು ಹತ್ತರಿಂದ ಆರಕ್ಕೆ ಇಳಿಸಿ. ಚೆನ್ನಾಗಿ ಆರಿಸಿದ ಜೋಡಿಯಾದರೆ ಗರಗರ ಕರಗಿ ಗಂಟೆಯಂಥ ತಿಳಿಯಾದ ಸ್ವರ ಉಳಿಯುತ್ತದೆ. ಆರಿಸದೆ ಹಾಕಿದ್ದಾದರೆ ಬರೀ ಸದ್ದು ಕಡಿಮೆಯಾಗುತ್ತದೆ, ಅಷ್ಟೆ.

ಹಳೆಯ ರೇಡಿಯೋ ಬಿಚ್ಚಲು ಹೊರಟಿರುವ ಎಳೆಯರಿಗೆ ಕೆಲವು ಸೂಚನೆಗಳು. ಇನ್ನೂ ಹಾಡುತ್ತಿರುವ ರೇಡಿಯೋವನ್ನು ದಯವಿಟ್ಟು ಮುಟ್ಟಬೇಡಿ, ಕೆಟ್ಟು ಕೂತದ್ದನ್ನು ಮಾತ್ರ ಬಿಚ್ಚಿ. ಟ್ರಾನ್ಸಿಸ್ಟರಿನ ಕಾಲುಗಳನ್ನು ಕತ್ತರಿಸದೆ ಬೆಸುಗೆ ಕರಗಿಸಿ ಪೂರ್ತಿ ಉದ್ದಕ್ಕೆ ತೆಗೆಯಿರಿ; ಕಾದ ಕಡ್ಡಿ ತಾಗುವ ಜಾಗಕ್ಕೂ ಟ್ರಾನ್ಸಿಸ್ಟರಿನ ಮೈಗೂ ನಡುವೆ ಪ್ಲೈಯರಿನಿಂದ ಕಾಲನ್ನು ಕಚ್ಚಿ ಹಿಡಿದರೆ ಶಾಖ ಒಳಗೆ ಏರುವುದಿಲ್ಲ. ತೆಗೆದ ಮೇಲೆ ಅರ್ಧ ಗಂಟೆ ಆರಲು ಬಿಟ್ಟು ಆಮೇಲೆ ಅಳೆಯಿರಿ, ಅಳೆದದ್ದನ್ನು ಒಂದು ಚೀಟಿಯಲ್ಲಿ ಬರೆದು ಅದರ ಕಾಲಿಗೆ ಸುತ್ತಿಡಿ. ನಮಸ್ಕಾರ.